ಡೆಡ್‌ಲಾಕ್ ತಡೆಯುವ ಕೋಡನ್ನು ಲೆಕ್ಕ ಹಾಕಿಯೇ ಪಡೆಯಬಹುದೇ?

ಪ್ರಶ್ನೆ: ನಮ್ಮ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಹಲವು ಥ್ರೆಡ್‌ಗಳೂ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಹತ್ತಾರು ಲಾಕ್‌ಗಳೂ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗಗಳು) ಇವೆ. ಟೆಸ್ಟಿಂಗ್‌ನಲ್ಲಿ ಸರಿಯಾಗಿಯೇ ಓಡುತ್ತದೆ, ಬಳಕೆಗೆ ಬಿಟ್ಟ ಮೇಲೆ ಅಪರೂಪಕ್ಕೊಮ್ಮೆ ಡೆಡ್‌ಲಾಕ್ ಆಗಿ, ಅಂದರೆ ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತ, ನಿಂತುಬಿಡುತ್ತದೆ. ಕೆಲವೊಮ್ಮೆ ಒಳಗಿನ ಕ್ಯೂ ಮಿತಿ ಮೀರಿ ತುಂಬುತ್ತದೆ. ಕಾರ್ಖಾನೆಯ ಯಂತ್ರಗಳಿಗೆಂದು ಬೆಳೆದ ಡಿಸ್ಕ್ರೀಟ್ ಇವೆಂಟ್ ಕಂಟ್ರೋಲ್ ಥಿಯರಿಯನ್ನು ಇಂಥ ತೊಂದರೆಗಳಿಗೂ ಬಳಸಬಹುದು ಎಂದು ಓದಿದೆ. ಮಾಡೆಲ್ ಚೆಕಿಂಗ್‌ಗಿಂತ ಇದು ಹೇಗೆ ಬೇರೆ? ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬರುತ್ತದೆ. ಆದರೆ ಇಡೀ ಸರ್ವರ್‌ಗೆ ಒಂದೇ ಸಲ ಹಚ್ಚಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಸಣ್ಣದಾದ, ಗಡಿ ಸ್ಪಷ್ಟವಿರುವ ಒಂದು ಹೊಂದಾಣಿಕೆಯ ಸಮಸ್ಯೆಯನ್ನು ಆರಿಸಿಕೊಂಡರೆ ಮಾತ್ರ ಫಲ ಕಾಣುತ್ತದೆ. ಅಲ್ಲಿಯೂ ಕಷ್ಟವಿರುವುದು ಅಲ್ಗಾರಿದಮ್‌ನಲ್ಲಲ್ಲ. ಯಾವ ಘಟನೆಯನ್ನು ನಿಮ್ಮ ಕೋಡ್ ತಡೆಯಬಲ್ಲದು, ಯಾವುದನ್ನು ತಡೆಯಲಾರದು ಎಂದು ಪ್ರಾಮಾಣಿಕವಾಗಿ ವಿಂಗಡಿಸುವುದೇ ಕಷ್ಟದ ಕೆಲಸ. ಆ ವಿಂಗಡಣೆ ಸರಿಯಾಗಿದ್ದರೆ ಉಳಿದದ್ದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ತಪ್ಪಿದ್ದರೆ, ಗಣಿತ ಎಷ್ಟೇ ಸರಿಯಿದ್ದರೂ ಪ್ರೋಗ್ರಾಮ್ ಕೆಡುತ್ತದೆ.

ಈ ಸಿದ್ಧಾಂತವನ್ನು ಕಟ್ಟಿದವರು ಟೊರಾಂಟೊ ವಿಶ್ವವಿದ್ಯಾಲಯದ ಪೀಟರ್ ರಮಾಜ್ ಮತ್ತು ಮರ್ರೆ ವೊನ್‌ಹ್ಯಾಮ್. 1987 ಮತ್ತು 1989ರಲ್ಲಿ ಬಂದ ಅವರ ಪ್ರಬಂಧಗಳೇ ಇವತ್ತಿಗೂ ಬುನಾದಿ. ನಿಯಂತ್ರಿಸಬೇಕಾದ ವ್ಯವಸ್ಥೆಗೆ ಅವರು ಪ್ಲಾಂಟ್ ಎನ್ನುತ್ತಾರೆ. ಅದು ಒಂದು ಸ್ಟೇಟ್ ಮಷೀನ್. ಘಟನೆ ನಡೆದಾಗ ಸ್ಥಿತಿ ಬದಲಾಗುತ್ತದೆ. ಘಟನೆಗಳಲ್ಲಿ ಎರಡು ಜಾತಿ: ನಾವು ತಡೆಹಿಡಿಯಬಹುದಾದವು ಮತ್ತು ನಮ್ಮ ಅಪ್ಪಣೆ ಕೇಳದೆ ನಡೆಯುವವು. ಏನು ಆಗಬಾರದು ಎಂಬುದನ್ನು ನಿಯಮವಾಗಿ ಬರೆದುಕೊಟ್ಟರೆ, ಆ ನಿಯಮ ಎಂದೂ ಮುರಿಯದಂತೆ, ಮೊದಲ ಜಾತಿಯ ಘಟನೆಗಳನ್ನಷ್ಟೇ ತಡೆಯುವ ಸೂಪರ್‌ವೈಸರ್ ಒಂದನ್ನು ಅಲ್ಗಾರಿದಮ್ ಕೊಡುತ್ತದೆ. ಅದು ಅಗತ್ಯಕ್ಕಿಂತ ಒಂದು ಹೆಜ್ಜೆಯೂ ಹೆಚ್ಚು ತಡೆಯುವುದಿಲ್ಲ ಎಂಬ ಖಾತರಿಯೂ ಜೊತೆಗಿರುತ್ತದೆ.

ಮಾಡೆಲ್ ಚೆಕಿಂಗ್‌ಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಮಾಡೆಲ್ ಚೆಕರ್ ನಿಮ್ಮ ಪ್ರೋಗ್ರಾಮ್ ಎಲ್ಲಿ ಕೆಡುತ್ತದೆ ಎಂಬ ಹಾದಿಯನ್ನು ತೋರಿಸಿ ಸುಮ್ಮನಾಗುತ್ತದೆ. ತಿದ್ದುವುದು, ಮತ್ತೆ ಓಡಿಸುವುದು, ಇನ್ನೊಂದು ಹಾದಿ ಸಿಕ್ಕರೆ ಮತ್ತೆ ತಿದ್ದುವುದು ನಿಮ್ಮ ಪಾಲಿಗೆ. ಇಲ್ಲಿ ತಿದ್ದುಪಡಿಯೇ ಲೆಕ್ಕದ ಫಲಿತಾಂಶವಾಗಿ ಹೊರಬರುತ್ತದೆ.

ಕ್ಯೂ ತುಂಬುವ ಸಮಸ್ಯೆ: ಕೈಯಲ್ಲೇ ಮಾಡಿ ನೋಡಬಹುದಾದ ಲೆಕ್ಕ

ನಿಮ್ಮ ಎರಡನೆಯ ತೊಂದರೆಯನ್ನೇ ಮೊದಲು ತೆಗೆದುಕೊಳ್ಳೋಣ. ಅದು ಚಿಕ್ಕದು, ಪೂರ್ತಿ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು. ಒಂದು ಕಾಂಪೊನೆಂಟ್ ಬೇರೆ ಸೇವೆಗೆ ವಿನಂತಿ ಕಳಿಸುತ್ತದೆ, ಉತ್ತರ ಬಂದಾಗ ಅದನ್ನು ಕ್ಯೂಗೆ ಹಾಕುತ್ತದೆ, ಇನ್ನೊಂದು ಥ್ರೆಡ್ ಕ್ಯೂನಿಂದ ತೆಗೆದು ಸಂಸ್ಕರಿಸುತ್ತದೆ. ಕನೆಕ್ಷನ್ ಎರಡೇ ಇವೆ, ಹಾಗಾಗಿ ಒಮ್ಮೆಗೆ ಹೆಚ್ಚೆಂದರೆ ಎರಡು ವಿನಂತಿ ಹಾದಿಯಲ್ಲಿರಬಹುದು. ಕ್ಯೂನಲ್ಲಿ ಜಾಗ ಎರಡಕ್ಕೆ. ಮೂರನೆಯದು ಬಂದು ಬಿದ್ದರೆ ಡೇಟಾ ಕಳೆದುಹೋಗುತ್ತದೆ.

ಸ್ಥಿತಿಯನ್ನು ಜೋಡಿ ಸಂಖ್ಯೆಯಾಗಿ ಬರೆಯೋಣ: ಮೊದಲನೆಯದು ಹಾದಿಯಲ್ಲಿರುವ ವಿನಂತಿಗಳು, ಎರಡನೆಯದು ಕ್ಯೂನಲ್ಲಿರುವ ಉತ್ತರಗಳು. (0,0)ರಿಂದ (2,2)ರವರೆಗೆ ಒಟ್ಟು 9 ಸ್ಥಿತಿಗಳು. ವಿನಂತಿ ಕಳಿಸುವುದು ನಮ್ಮ ಕೈಯಲ್ಲಿದೆ. ಉತ್ತರ ಬರುವುದು ನಮ್ಮ ಕೈಯಲ್ಲಿಲ್ಲ; ಕಳಿಸಿಯಾದ ಮೇಲೆ ಅದು ಯಾವ ಕ್ಷಣದಲ್ಲಾದರೂ ಬರಬಹುದು. ಕ್ಯೂನಿಂದ ತೆಗೆಯುವುದು ನಮ್ಮ ಕೈಯಲ್ಲೇ ಇದೆ.

ಹೆಚ್ಚಿನವರು ಬರೆಯುವ ಕೋಡ್ ಹೀಗಿರುತ್ತದೆ: ಕ್ಯೂನಲ್ಲಿ ಎರಡಕ್ಕಿಂತ ಕಡಿಮೆ ಇದ್ದರೆ ಹೊಸ ವಿನಂತಿ ಕಳಿಸು. ಇದು ಸರಿಯೆನಿಸುತ್ತದೆ, ಟೆಸ್ಟಿನಲ್ಲೂ ಸಾಮಾನ್ಯವಾಗಿ ಪಾಸಾಗುತ್ತದೆ. ಈಗ (1,1) ಸ್ಥಿತಿಯಲ್ಲಿ ನಿಂತು ನೋಡಿ. ಕ್ಯೂನಲ್ಲಿ ಒಂದೇ ಇದೆ, ಆದ್ದರಿಂದ ಕಳಿಸಬಹುದು. ಸ್ಥಿತಿ (2,1) ಆಗುತ್ತದೆ. ಸಂಸ್ಕರಿಸುವ ಥ್ರೆಡ್ ಸ್ವಲ್ಪ ನಿಧಾನಿಸಿದ ಹೊತ್ತಿಗೆ ಎರಡೂ ಉತ್ತರಗಳು ಒಂದರ ಹಿಂದೊಂದು ಬಂದವು. ಕ್ಯೂನಲ್ಲಿ ಮೂರಾಯಿತು, ಕೆಟ್ಟಿತು.

ಸಿಂಥೆಸಿಸ್ ಅಲ್ಗಾರಿದಮ್, ಅಂದರೆ ಸೂಪರ್‌ವೈಸರನ್ನು ಲೆಕ್ಕ ಹಾಕಿ ಕೊಡುವ ಅಲ್ಗಾರಿದಮ್, ಕೆಟ್ಟ ಕೊನೆಯಿಂದ ಹಿಂದಕ್ಕೆ ಯೋಚಿಸುತ್ತದೆ. ಕ್ಯೂನಲ್ಲಿ ಮೂರಿರುವ ಸ್ಥಿತಿಗಳೆಲ್ಲ ಕೆಟ್ಟವು. ತಡೆಯಲಾಗದ ಘಟನೆಯೊಂದರಿಂದ ನೇರವಾಗಿ ಅಲ್ಲಿಗೆ ಬೀಳುವ ಸ್ಥಿತಿಗಳು ಯಾವುವು? (1,2) ಮತ್ತು (2,2). ಇಲ್ಲಿ ಉತ್ತರ ಬಂದರೆ ಮುಗಿಯಿತು, ಅದನ್ನು ತಡೆಯುವ ಉಪಾಯ ನಮ್ಮಲ್ಲಿಲ್ಲ. ಆದ್ದರಿಂದ ಇವೆರಡನ್ನೂ ಅಳಿಸಬೇಕು. ಎರಡನೆಯ ಸುತ್ತಿನಲ್ಲಿ, ಅಳಿಸಿದ ಸ್ಥಿತಿಗೆ ತಡೆಯಲಾಗದ ಘಟನೆಯಿಂದ ಬೀಳುವ ಸ್ಥಿತಿ ಇನ್ನೂ ಇದೆಯೇ ಎಂದು ಹುಡುಕಿದರೆ (2,1) ಸಿಗುತ್ತದೆ. ಅಲ್ಲಿ ಒಂದು ಉತ್ತರ ಬಂದರೆ (1,2). ಅದನ್ನೂ ಅಳಿಸಿ. ಮೂರನೆಯ ಸುತ್ತಿನಲ್ಲಿ ಹೊಸದೇನೂ ಸಿಗುವುದಿಲ್ಲ. ಉಳಿದದ್ದು 6 ಸ್ಥಿತಿ: (0,0), (0,1), (0,2), (1,0), (1,1), (2,0). ಈ ಆರರ ಹೊರಗೆ ಹೋಗುವ, ತಡೆಯಬಹುದಾದ ಹೆಜ್ಜೆ ಎಂದರೆ ವಿನಂತಿ ಕಳಿಸುವುದೊಂದೇ. ಹಾಗಾಗಿ ನಿಯಮ ತಾನಾಗಿ ಹೊರಬಿತ್ತು: ಎರಡೂ ಸಂಖ್ಯೆಗಳ ಮೊತ್ತ 2 ಆಗಿದ್ದರೆ ಕಳಿಸಬೇಡ. ನೆಟ್‌ವರ್ಕಿಂಗ್ ಬಲ್ಲವರಿಗೆ ಇದು ಕ್ರೆಡಿಟ್ ಆಧಾರಿತ ಫ್ಲೋ ಕಂಟ್ರೋಲ್ (ಜಾಗ ಇರುವಷ್ಟೇ ಕಳಿಸುವ ಪದ್ಧತಿ) ಎಂದು ಹೊಳೆಯುತ್ತದೆ. ಆದರೆ ಇಲ್ಲಿ ಅದನ್ನು ಯಾರೂ ಊಹಿಸಲಿಲ್ಲ, ಮೂರು ಸುತ್ತಿನ ಅಳಿಸುವಿಕೆಯಿಂದ ಅದೇ ಬಂತು.

ಇದೇ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ನೋಡಿ. ವಿನಂತಿ ಶುರುವಾಗುವುದೂ ನಮ್ಮ ಕೈಯಲ್ಲಿಲ್ಲ, ಹೊರಗಿನ ಕ್ಲೈಂಟ್‌ಗಳು ತಮಗೆ ಬೇಕಾದಾಗ ನೂಕುತ್ತಾರೆ ಎಂದಿಟ್ಟುಕೊಳ್ಳಿ. ಆಗ (0,2) ಹೋಗುತ್ತದೆ, (1,1) ಹೋಗುತ್ತದೆ, ಅವುಗಳ ಹಿಂದೆ (2,0), (0,1), (1,0), ಕೊನೆಗೆ ಆರಂಭದ (0,0) ಕೂಡ. ಉತ್ತರ ಖಾಲಿ. ನಿರಾಶೆಯಾಗಬೇಕಿಲ್ಲ, ಇದು ಬಹಳ ಬೆಲೆಯುಳ್ಳ ಉತ್ತರ: ಈ ವಿನ್ಯಾಸದಲ್ಲಿ ಎಷ್ಟು ಜಾಣ ಕೋಡ್ ಬರೆದರೂ ಕ್ಯೂ ಉಳಿಯುವುದಿಲ್ಲ ಎಂದು ಕೋಡ್ ಬರೆಯುವ ಮೊದಲೇ ಗೊತ್ತಾಯಿತು. ಕ್ಲೈಂಟ್‌ಗೆ ಬ್ಯಾಕ್‌ಪ್ರೆಶರ್ ಕೊಡುವ, ಅಂದರೆ ಸದ್ಯ ಕಳಿಸಬೇಡ ಎಂದು ತಿಳಿಸುವ ವ್ಯವಸ್ಥೆ ಬೇಕು, ಇಲ್ಲವೇ ಕ್ಯೂ ತುಂಬಿದ್ದಾಗ ಬಂದದ್ದನ್ನು ತಿರಸ್ಕರಿಸಿ ದೋಷ ತಿಳಿಸುವಂತೆ ಪ್ಲಾಂಟನ್ನೇ ಬದಲಿಸಬೇಕು. ಥ್ರೆಡ್ ಹೆಚ್ಚಿಸುವುದು, ಟೈಮರ್ ತಿರುಚುವುದು ಇವೆಲ್ಲ ವ್ಯರ್ಥ.

ಟೈಮ್‌ಔಟ್ ವಿಷಯದಲ್ಲಿ ಅನೇಕರು ಎಡವುತ್ತಾರೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ವಿನಂತಿಗೆ ಉತ್ತರವೇ ಬರದೆ ಹೋಗಬಹುದು ಎಂಬುದನ್ನು ಮಾಡೆಲ್‌ನಲ್ಲಿ ಬಿಟ್ಟರೆ, ಕಳೆದುಹೋದ ಪ್ರತಿ ವಿನಂತಿಯೂ ಹಾದಿಯಲ್ಲೇ ಇದೆ ಎಂಬ ಲೆಕ್ಕ ಉಳಿಯುತ್ತದೆ. ಅಂಥವು ಎರಡಾದ ದಿನ ಮೊತ್ತ 2ರಲ್ಲೇ ನಿಂತು, ಪ್ರೋಗ್ರಾಮ್ ಮುಂದೆ ಏನನ್ನೂ ಕಳಿಸುವುದಿಲ್ಲ. ಅದಕ್ಕೆಂದು ಟೈಮ್‌ಔಟ್ ಘಟನೆ ಸೇರಿಸಿ, ಅದು ನಡೆದಾಗ ಮೊದಲ ಸಂಖ್ಯೆಯನ್ನು ಒಂದು ಇಳಿಸಿದರೆ ಬೇರೆ ಅಪಾಯ ಹುಟ್ಟುತ್ತದೆ: ಟೈಮ್‌ಔಟ್ ಆದ ಮೇಲೆ ತಡವಾಗಿ ಉತ್ತರ ಬಂದರೆ? ಲೆಕ್ಕದಲ್ಲಿಲ್ಲದ ಉತ್ತರ ಕ್ಯೂಗೆ ಬಿದ್ದು ಮತ್ತೆ ಮೂರಾಗುತ್ತದೆ. ಆದ್ದರಿಂದ ಟೈಮ್‌ಔಟ್ ಆದ ವಿನಂತಿಯ ಐಡಿಯನ್ನು ರದ್ದಾದದ್ದೆಂದು ಗುರುತಿಟ್ಟು, ಆ ಐಡಿಯ ಉತ್ತರವನ್ನು ಕ್ಯೂ ಮುಟ್ಟುವ ಮೊದಲೇ ಎಸೆಯುವ ಕೋಡ್ ಇರಲೇಬೇಕು. ಆಗ ಮಾತ್ರ ಮಾಡೆಲ್ ಮತ್ತು ಪ್ರೋಗ್ರಾಮ್ ಒಂದೇ ಮಾತು ಹೇಳುತ್ತವೆ.

ಡೆಡ್‌ಲಾಕ್: ಪೆಟ್ರಿ ನೆಟ್ ಮತ್ತು ಕಂಟ್ರೋಲ್ ಪ್ಲೇಸ್

ಲಾಕ್‌ಗಳ ಸಮಸ್ಯೆಗೆ ಸ್ಟೇಟ್ ಮಷೀನ್‌ಗಿಂತ ಪೆಟ್ರಿ ನೆಟ್ ಅನುಕೂಲ. ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರೌಢಪ್ರಬಂಧದಲ್ಲಿ ಅದರ ಬೀಜ ಹಾಕಿದರು. ಅದರಲ್ಲಿ ಪ್ಲೇಸ್‌ಗಳು, ಅವುಗಳಲ್ಲಿ ಟೋಕನ್‌ಗಳು, ಟೋಕನ್ ಒಯ್ಯುವ ಟ್ರಾನ್ಸಿಷನ್‌ಗಳು ಇರುತ್ತವೆ. ಲಾಕ್ ಒಂದು ಪ್ಲೇಸ್: ಟೋಕನ್ ಇದ್ದರೆ ಲಾಕ್ ಖಾಲಿ ಇದೆ ಎಂದರ್ಥ. ಥ್ರೆಡ್ ಕೋಡ್‌ನಲ್ಲಿ ಎಲ್ಲಿ ನಿಂತಿದೆ ಎಂಬುದೂ ಪ್ಲೇಸ್. ಒಂದೇ ಕೋಡನ್ನು ಐವತ್ತು ಥ್ರೆಡ್ ಓಡಿಸಿದರೂ ನೆಟ್ ಹಿಗ್ಗುವುದಿಲ್ಲ, ಟೋಕನ್‌ಗಳಷ್ಟೇ ಹೆಚ್ಚುತ್ತವೆ. ಇದೇ ಅದರ ದೊಡ್ಡ ಲಾಭ.

ಚಿರಪರಿಚಿತ ಉದಾಹರಣೆ ನೋಡೋಣ. ಥ್ರೆಡ್ 1 ಮೊದಲು ಲಾಕ್ ಎ, ಆಮೇಲೆ ಲಾಕ್ ಬಿ ಹಿಡಿಯುತ್ತದೆ, ಕೊನೆಗೆ ಎರಡನ್ನೂ ಬಿಡುತ್ತದೆ. ಥ್ರೆಡ್ 2 ಮೊದಲು ಬಿ, ಆಮೇಲೆ ಎ. ಪ್ರತಿ ಥ್ರೆಡ್‌ಗೂ ಏನೂ ಹಿಡಿದಿಲ್ಲ, ಒಂದು ಹಿಡಿದಿದೆ, ಎರಡೂ ಹಿಡಿದಿದೆ ಎಂಬ ಮೂರು ಸ್ಥಿತಿ. ಲಾಕ್‌ಗಳ ಕಾರಣ ಸಾಧ್ಯವಿರುವ ಒಟ್ಟು ಸ್ಥಿತಿ 6. ಅವುಗಳಲ್ಲಿ ಎರಡೂ ಥ್ರೆಡ್ ಒಂದೊಂದು ಲಾಕ್ ಹಿಡಿದು ಇನ್ನೊಂದಕ್ಕೆ ಕಾಯುವ ಸ್ಥಿತಿಯೊಂದೇ ಡೆಡ್‌ಲಾಕ್.

ನಿಯಮವನ್ನು ಅಸಮತೆಯಾಗಿ ಬರೆಯಿರಿ: ಎ ಮಾತ್ರ ಹಿಡಿದಿರುವ ಥ್ರೆಡ್ 1ರ ಪ್ಲೇಸ್‌ನಲ್ಲಿನ ಟೋಕನ್ ಮತ್ತು ಬಿ ಮಾತ್ರ ಹಿಡಿದಿರುವ ಥ್ರೆಡ್ 2ರ ಪ್ಲೇಸ್‌ನಲ್ಲಿನ ಟೋಕನ್ ಕೂಡಿದರೆ 1 ಮೀರಬಾರದು. ಇಂಥ ರೇಖೀಯ ಅಸಮತೆ ಕೈಯಲ್ಲಿದ್ದರೆ ಕಂಟ್ರೋಲರ್ ಪಡೆಯಲು ಒಂದು ಗುಣಾಕಾರ ಸಾಕು. ನೆಟ್‌ನ ಇನ್ಸಿಡೆನ್ಸ್ ಮ್ಯಾಟ್ರಿಕ್ಸನ್ನು (ಪ್ರತಿ ಟ್ರಾನ್ಸಿಷನ್ ಪ್ರತಿ ಪ್ಲೇಸ್‌ಗೆ ಎಷ್ಟು ಟೋಕನ್ ಕೂಡಿಸುತ್ತದೆ ಅಥವಾ ಕಳೆಯುತ್ತದೆ ಎಂಬ ಕೋಷ್ಟಕ) ಅಸಮತೆಯ ಗುಣಕಗಳ ಸಾಲಿನಿಂದ ಗುಣಿಸಿ ಚಿಹ್ನೆ ತಿರುಗಿಸಿ. ಸಿಕ್ಕ ಸಾಲೇ ಹೊಸ ಕಂಟ್ರೋಲ್ ಪ್ಲೇಸ್‌ನ ಜೋಡಣೆ. ಅದರ ಆರಂಭದ ಟೋಕನ್ ಸಂಖ್ಯೆ, ಮಿತಿಯಿಂದ ಆರಂಭ ಸ್ಥಿತಿಯ ಮೊತ್ತ ಕಳೆದಷ್ಟು. ಇಲ್ಲಿ 1 ಕಳೆ 0, ಅಂದರೆ 1. ಋಣ ಸಂಖ್ಯೆ ಬಂದ ಟ್ರಾನ್ಸಿಷನ್ ಆ ಟೋಕನ್ ತೆಗೆದುಕೊಳ್ಳುತ್ತದೆ, ಧನ ಬಂದದ್ದು ಹಿಂದಿರುಗಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡೂ ಥ್ರೆಡ್‌ಗಳು ಮೊದಲ ಲಾಕ್ ಹಿಡಿಯುವಾಗ ಟೋಕನ್ ತೆಗೆದುಕೊಂಡು, ಎರಡನೆಯ ಲಾಕ್ ಸಿಕ್ಕ ಕ್ಷಣವೇ ಹಿಂದಿರುಗಿಸುತ್ತವೆ. ಎರಡೂ ಲಾಕ್ ಬಿಡುವವರೆಗೆ ಟೋಕನ್ ಇಟ್ಟುಕೊಳ್ಳಬೇಕಿಲ್ಲ. ಡೆಡ್‌ಲಾಕ್‌ನ ಒಂದು ಸ್ಥಿತಿ ಹೋಯಿತು, ಉಳಿದ 5 ಹಾಗೆಯೇ ಉಳಿದವು.

ಥ್ರೆಡ್ 1 ಎ ಮತ್ತು ಬಿ, ಥ್ರೆಡ್ 2 ಬಿ ಮತ್ತು ಸಿ, ಥ್ರೆಡ್ 3 ಸಿ ಮತ್ತು ಎ ಎಂಬ ಮೂವರ ಸುತ್ತು ಇದ್ದರೆ ಮಿತಿ 2, ಕಂಟ್ರೋಲ್ ಪ್ಲೇಸ್‌ನಲ್ಲಿ ಟೋಕನ್ ಎರಡು. ಗಾಬರಿಯಲ್ಲಿ ಎಲ್ಲಕ್ಕೂ ಒಂದೇ ದೊಡ್ಡ ಲಾಕ್ ಹಾಕಿದ್ದರೆ ಒಬ್ಬರೇ ಒಳಗಿರುತ್ತಿದ್ದರು; ಇಲ್ಲಿ ಇಬ್ಬರು ಮೊದಲ ಲಾಕ್ ಹಿಡಿದು ನಿಶ್ಚಿಂತೆಯಿಂದ ಮುಂದುವರಿಯಬಹುದು.

ದೊಡ್ಡ ನೆಟ್‌ನಲ್ಲಿ ಇಂಥ ಅಸಮತೆಗಳನ್ನು ಕಣ್ಣಿನಿಂದ ಹುಡುಕಲಾಗದು. ಅಲ್ಲಿ ಸೈಫನ್ ಎಂಬ ರಚನೆ ಕೆಲಸಕ್ಕೆ ಬರುತ್ತದೆ. ಸೈಫನ್ ಎಂದರೆ ಪ್ಲೇಸ್‌ಗಳ ಒಂದು ಗುಂಪು. ಅದಕ್ಕೆ ಟೋಕನ್ ಹಾಕುವ ಪ್ರತಿ ಟ್ರಾನ್ಸಿಷನ್ ಅದರಿಂದಲೇ ಒಂದು ಟೋಕನ್ ತೆಗೆಯಲೂಬೇಕು. ಹಾಗಾಗಿ ಒಮ್ಮೆ ಖಾಲಿಯಾದರೆ ಅದು ಮತ್ತೆಂದೂ ತುಂಬುವುದಿಲ್ಲ, ಅದನ್ನು ನೆಚ್ಚಿದ ಟ್ರಾನ್ಸಿಷನ್‌ಗಳು ಶಾಶ್ವತವಾಗಿ ಸತ್ತಂತೆ. ಮೇಲಿನ ಉದಾಹರಣೆಯಲ್ಲಿ ಎ, ಬಿ ಎಂಬ ಲಾಕ್ ಪ್ಲೇಸ್‌ಗಳು ಮತ್ತು ಎರಡೂ ಲಾಕ್ ಹಿಡಿದಿರುವ ಎರಡು ಪ್ಲೇಸ್‌ಗಳು ಸೇರಿ ಒಂದು ಸೈಫನ್. ಡೆಡ್‌ಲಾಕ್ ಆದಾಗ ಈ ನಾಲ್ಕೂ ಖಾಲಿ. ಖಾಲಿಯಾಗಬಲ್ಲ ಸೈಫನ್‌ಗಳನ್ನು ಇಂಟಿಜರ್ ಪ್ರೋಗ್ರಾಮಿಂಗ್ (ಪೂರ್ಣಾಂಕಗಳಲ್ಲಿ ಉತ್ತರ ಹುಡುಕುವ ಗಣಿತ ವಿಧಾನ) ಬಳಸಿ ಹುಡುಕಿ, ಅದರಲ್ಲಿ ಕನಿಷ್ಠ ಒಂದು ಟೋಕನ್ ಉಳಿಯಲಿ ಎಂಬ ಅಸಮತೆ ಹಾಕಿ ಕಂಟ್ರೋಲ್ ಪ್ಲೇಸ್ ಸೇರಿಸಬೇಕು. ಹೊಸ ಪ್ಲೇಸ್ ಸೇರಿದ ಮೇಲೆ ಹೊಸ ಸೈಫನ್ ಹುಟ್ಟಬಹುದು, ಆದ್ದರಿಂದ ಏನೂ ಸಿಗದವರೆಗೆ ಇದನ್ನು ಮರಳಿ ಮಾಡಬೇಕು. ಒಂದೇ ಸುತ್ತಿಗೆ ನಿಲ್ಲಿಸಿದರೆ, ಕಂಟ್ರೋಲ್ ಟೋಕನ್‌ಗಳೇ ಪರಸ್ಪರ ಕಾದು ಕುಳಿತ ಹೊಸ ಡೆಡ್‌ಲಾಕ್ ನಿಮ್ಮದಾಗುತ್ತದೆ.

ಇದನ್ನು ಸಿ ಪ್ರೋಗ್ರಾಮ್‌ಗಳಿಗೆ ನಿಜವಾಗಿ ಹಚ್ಚಿ ತೋರಿಸಿದ್ದು ಮಿಶಿಗನ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಗದಾರಾ ಯೋಜನೆ. ಅದರ ಮುಖ್ಯ ಪ್ರಬಂಧ 2008ರದು. ಕಂಪೈಲರ್ ಮೂಲಕ ಪ್ರೋಗ್ರಾಮ್‌ನ ಕಂಟ್ರೋಲ್ ಫ್ಲೋ ಗ್ರಾಫ್ (ಕೋಡ್ ಹಿಡಿಯಬಹುದಾದ ಹಾದಿಗಳ ನಕ್ಷೆ) ತೆಗೆದು, ಪೆಟ್ರಿ ನೆಟ್ ಕಟ್ಟಿ, ಕಂಟ್ರೋಲ್ ಪ್ಲೇಸ್ ಲೆಕ್ಕ ಹಾಕಿ, ಅದನ್ನು ಮತ್ತೆ ಕೋಡ್‌ಗೆ ಸೇರಿಸುತ್ತಿತ್ತು. ಅದೇ ವರ್ಷ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಡ್ರಾಗರ್ಟ್, ಡಿಂಗೆಲ್, ರೂಡಿ ಅವರು ಸೂಪರ್‌ವೈಸರ್‌ನಿಂದ ಕನ್‌ಕರೆನ್ಸಿ ಕೋಡನ್ನು ಹುಟ್ಟಿಸುವ ದಾರಿ ತೋರಿಸಿದರು.

ಇಫ್ ಮುಂದೆ ಸೂಪರ್‌ವೈಸರ್‌ನ ಆಟ ನಡೆಯುವುದಿಲ್ಲ

ಅನೇಕರ ಮಾಡೆಲ್ ಕೆಡುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಲ್ಲೋಣ. ಥ್ರೆಡ್ 1 ಲಾಕ್ ಎ ಹಿಡಿದ ಮೇಲೆ ಒಂದು ಇಫ್ ಇದೆ: ಷರತ್ತು ನಿಜವಾದರೆ ಬಿ ಹಿಡಿಯುತ್ತದೆ, ಇಲ್ಲವಾದರೆ ಎ ಬಿಟ್ಟು ಹೊರಡುತ್ತದೆ. ನಿಜವಾದ ಕವಲಿಗೆ ಹೋದಾಗ ಮಾತ್ರ ಅಪಾಯ. ಹಾಗಾಗಿ ಆ ಕವಲಿನ ಪ್ಲೇಸ್ ಮತ್ತು ಥ್ರೆಡ್ 2ರ ಪ್ಲೇಸ್ ಕೂಡಿ 1 ಮೀರಬಾರದು ಎಂದು ಬರೆಯುವ ಆಸೆಯಾಗುತ್ತದೆ. ಗುಣಾಕಾರ ಮಾಡಿದರೆ ಋಣ ಸಂಖ್ಯೆ ಬೀಳುವುದು ಕವಲಿನ ಟ್ರಾನ್ಸಿಷನ್ ಮೇಲೆ. ಅಂದರೆ ಕಂಟ್ರೋಲರ್, ಷರತ್ತು ಈಗ ನಿಜವಾಗದಿರಲಿ ಎಂದು ಪ್ರೋಗ್ರಾಮ್‌ಗೆ ಹೇಳಬೇಕಾಗುತ್ತದೆ. ಅದು ಡೇಟಾ ನಿರ್ಧರಿಸುವ ವಿಷಯ, ನಮ್ಮ ಕೈಯಲ್ಲಿಲ್ಲ.

ಪರಿಹಾರವೆಂದರೆ ತಡೆಯನ್ನು ಹಿಂದಕ್ಕೆ ತರುವುದು. ಎ ಹಿಡಿದು ಇಫ್ ಮುಟ್ಟದ ಪ್ಲೇಸನ್ನೂ ಮೊತ್ತಕ್ಕೆ ಸೇರಿಸಿ. ಈಗ ಟೋಕನ್ ಎ ಹಿಡಿಯುವಾಗಲೇ ಹೋಗುತ್ತದೆ. ಅಪಾಯದ ಕವಲಿಗೆ ಹೋದರೆ ಅದು ಥ್ರೆಡ್ ಬಳಿಯೇ ಉಳಿದು, ಬಿ ಸಿಕ್ಕಾಗ ಹಿಂದಿರುಗುತ್ತದೆ. ಸುರಕ್ಷಿತ ಕವಲಿಗೆ ಹೋದರೆ ಕವಲಿನಲ್ಲೇ ಹಿಂದಿರುಗುತ್ತದೆ. ಅಲ್ಲಿ ಎ ಇನ್ನೂ ಕೈಯಲ್ಲಿದ್ದರೂ ಥ್ರೆಡ್ 2ಕ್ಕೆ ದಾರಿ ತೆರೆದಿರುತ್ತದೆ. ಷರತ್ತು ಸುಳ್ಳಾಗುವ ಸಂದರ್ಭಗಳಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕಾದಂತಾಗುತ್ತದೆ, ನಿಜ. ಆದರೆ ಮುಂದೇನಾಗುತ್ತದೆ ಎಂದು ಮೊದಲೇ ತಿಳಿಯದ ಯಾವ ಕಂಟ್ರೋಲರ್‌ಗೂ ಇದಕ್ಕಿಂತ ಸಡಿಲವಾಗಿರಲು ಸಾಧ್ಯವಿಲ್ಲ. ಕೋಡ್ ತಿದ್ದುವ ಸ್ವಾತಂತ್ರ್ಯ ನಿಮಗಿದ್ದರೆ ಆ ಷರತ್ತನ್ನು ಎ ಹಿಡಿಯುವ ಮೊದಲೇ ಲೆಕ್ಕ ಹಾಕಬಹುದೇ ನೋಡಿ. ಬಹಳ ಕಡೆ ಅದೊಂದರಿಂದಲೇ ಕಾಯುವಿಕೆ ಮಾಯವಾಗುತ್ತದೆ.

ತಡೆಯಲಾಗದ ಘಟನೆಗಳ ಪಟ್ಟಿಗೆ ಇವೆಲ್ಲ ಸೇರುತ್ತವೆ: ಇಫ್ ಮತ್ತು ಲೂಪ್‌ನ ಕವಲುಗಳು, ಎಕ್ಸೆಪ್ಶನ್, ಟೈಮ್‌ಔಟ್, ಹೊರಗಿನಿಂದ ಬರುವ ಮೆಸೇಜ್, ಪ್ರೊಸೆಸ್ ಸಾಯುವುದು. ಲಾಕ್ ಬಿಡುವುದನ್ನೂ ಇಲ್ಲೇ ಸೇರಿಸಿ. ತಾಂತ್ರಿಕವಾಗಿ ತಡೆಯಬಹುದಾದರೂ ತಡೆದು ಲಾಭವಿಲ್ಲ. ತಡೆಯಬಹುದಾದವು ಬೆರಳೆಣಿಕೆಯಷ್ಟೇ: ಲಾಕ್ ಕೇಳುವುದು, ಕೆಲಸ ಶುರು ಮಾಡುವುದು, ಮೆಸೇಜ್ ಕಳಿಸುವುದು, ಕ್ಯೂನಿಂದ ತೆಗೆಯುವುದು. ಸಂಶಯವಿದ್ದರೆ ತಡೆಯಲಾಗದ್ದು ಎಂದೇ ಬರೆಯಿರಿ. ಆಗ ಸ್ವಲ್ಪ ಬಿಗಿಯಾದ ಕಂಟ್ರೋಲರ್ ಸಿಗುತ್ತದೆ, ಆದರೆ ಸುಳ್ಳು ಕಂಟ್ರೋಲರ್ ಸಿಗುವುದಿಲ್ಲ.

ಕೋಡಿಗೆ ಇಳಿಸುವಾಗ

ಸಿದ್ಧಾಂತದಲ್ಲಿ ಟ್ರಾನ್ಸಿಷನ್ ಒಂದೇ ಕ್ಷಣದ ಘಟನೆ: ಕಂಟ್ರೋಲ್ ಟೋಕನ್ ಮತ್ತು ಲಾಕ್ ಎರಡೂ ಒಟ್ಟಿಗೆ ಸಿಗುತ್ತವೆ, ಇಲ್ಲವೇ ಎರಡೂ ಸಿಗುವುದಿಲ್ಲ. ಕೋಡಿನಲ್ಲಿ ಮೊದಲು ಸೆಮಫೋರ್ (ಟೋಕನ್ ಎಣಿಸುವ ಕೌಂಟರ್) ಹಿಡಿದು ಆಮೇಲೆ ಲಾಕ್‌ಗೆ ಕಾದರೆ, ಟೋಕನ್ ಹಿಡಿದು ಕಾಯುವ ಹೊಸ ಸ್ಥಿತಿಯೊಂದು ಮಾಡೆಲ್‌ಗೆ ಗೊತ್ತಿಲ್ಲದೆ ಹುಟ್ಟುತ್ತದೆ. ಆ ಲಾಕ್ ಹಿಡಿದಿರುವ ಥ್ರೆಡ್‌ಗೆ ಮುಂದಿನ ಹೆಜ್ಜೆಗೆ ಅದೇ ಟೋಕನ್ ಬೇಕಿದ್ದರೆ ಇಬ್ಬರೂ ನಿಂತರು. ಹಾಗಾಗಿ ಲಾಕ್ ಫಂಕ್ಷನ್‌ಗೆ ಒಂದು ರ‍್ಯಾಪರ್, ಅಂದರೆ ಅದನ್ನು ಸುತ್ತುವರಿದ ಇನ್ನೊಂದು ಫಂಕ್ಷನ್ ಬರೆಯಿರಿ. ಅದು ಒಂದು ಚಿಕ್ಕ ಮ್ಯೂಟೆಕ್ಸ್ (ಒಬ್ಬರನ್ನೇ ಒಳಬಿಡುವ ಲಾಕ್) ಒಳಗೆ, ಬೇಕಾದ ಎಲ್ಲ ಟೋಕನ್ ಇವೆಯೇ, ಲಾಕ್ ಖಾಲಿಯೇ ಎಂದು ನೋಡಲಿ. ಎಲ್ಲ ಇದ್ದರೆ ಎಲ್ಲವನ್ನೂ ತೆಗೆದುಕೊಳ್ಳಲಿ, ಒಂದು ಇಲ್ಲದಿದ್ದರೂ ಏನನ್ನೂ ಮುಟ್ಟದೆ ಕಂಡಿಷನ್ ವೇರಿಯಬಲ್ (ಎಬ್ಬಿಸುವವರೆಗೆ ಥ್ರೆಡ್ ಮಲಗಿ ಕಾಯುವ ಜಾಗ) ಮೇಲೆ ಕಾಯಲಿ. ಲಾಕ್ ಬಿಡುವ ಕರೆಗೂ ಇದೇ ರ‍್ಯಾಪರ್ ಬೇಕು, ಇಲ್ಲದಿದ್ದರೆ ಲಾಕ್ ಖಾಲಿಯಾದದ್ದು ಕಾಯುವವರಿಗೆ ತಿಳಿಯುವುದೇ ಇಲ್ಲ. ಟೋಕನ್ ಅಥವಾ ಲಾಕ್ ಹಿಂದಿರುಗಿದಾಗ ಎಲ್ಲರನ್ನೂ ಎಬ್ಬಿಸಿ, ಒಬ್ಬರನ್ನಲ್ಲ. ಬೇರೆ ಬೇರೆ ಥ್ರೆಡ್ ಬೇರೆ ಬೇರೆ ಸಂಯೋಜನೆಗೆ ಕಾಯುತ್ತಿರುತ್ತವೆ. ಎಬ್ಬಿಸಿದ ಒಬ್ಬನಿಗೆ ಆ ಟೋಕನ್ ಬೇಕಿಲ್ಲದಿದ್ದರೆ ಅವನು ಮತ್ತೆ ಮಲಗುತ್ತಾನೆ, ಬೇಕಾದವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಥ್ರೆಡ್ ಹೆಚ್ಚಿ ಎಬ್ಬಿಸುವ ವೆಚ್ಚ ಕಾಡಿದರೆ ಪ್ರತಿ ಕಂಟ್ರೋಲ್ ಪ್ಲೇಸ್‌ಗೆ ಪ್ರತ್ಯೇಕ ಕಂಡಿಷನ್ ವೇರಿಯಬಲ್ ಇಡಬಹುದು.

ರ‍್ಯಾಪರ್ ಎಲ್ಲ ಕಡೆ ಬೇಕಿಲ್ಲ. ಯಾವ ಕಂಟ್ರೋಲ್ ಪ್ಲೇಸ್‌ಗೂ ಜೋಡಣೆಯಿಲ್ಲದ ಲಾಕ್‌ಗಳನ್ನು ಮುಟ್ಟಬೇಡಿ, ಅವು ಮೊದಲಿನ ವೇಗದಲ್ಲೇ ಓಡಲಿ. ಟೋಕನ್ ಹಿಂದಿರುಗಿಸುವ ಜಾಗಗಳನ್ನು ಮಾತ್ರ ಕಣ್ಣಿಟ್ಟು ಪರಿಶೀಲಿಸಿ. ಎಕ್ಸೆಪ್ಶನ್ ಎದ್ದು ಫಂಕ್ಷನ್ ನಡುವೆಯೇ ಹೊರಬಿದ್ದರೆ ಟೋಕನ್ ಕಳೆದುಹೋಗುತ್ತದೆ, ಕಳೆದ ಟೋಕನ್ ಎಂದರೆ ಮುಂದೊಂದು ದಿನದ ಸ್ತಬ್ಧತೆ. ಮೊದಲೇ ಹೊರಬೀಳುವ ಪ್ರತಿ ರಿಟರ್ನ್ ಕೂಡ ನೆಟ್‌ನಲ್ಲಿ ಒಂದು ಕವಲಾಗಿ ಇರಬೇಕು.

ಇನ್ನು ಮಾಡೆಲ್ ಎಲ್ಲಿಂದ ತರುವುದು? ಸಣ್ಣದಾದರೆ ಕೈಯಲ್ಲೇ ಬರೆಯಿರಿ. ದೊಡ್ಡದಾದರೆ ಕಂಪೈಲರ್‌ನಿಂದ ಕಾಲ್ ಗ್ರಾಫ್ (ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಎಂಬ ನಕ್ಷೆ) ತೆಗೆದು, ಲಾಕ್ ಮುಟ್ಟದ ಫಂಕ್ಷನ್‌ಗಳನ್ನೆಲ್ಲ ಕತ್ತರಿಸಿ. ಸಾಮಾನ್ಯವಾಗಿ ಬಹುಪಾಲು ಕೋಡ್ ಹೀಗೆಯೇ ಹೊರಟುಹೋಗುತ್ತದೆ. ಇಲ್ಲಿನ ನಿಜವಾದ ತೊಡಕು ಲಾಕ್‌ನ ಗುರುತು. ಪಾಯಿಂಟರ್ ಮೂಲಕ ಹಿಡಿದ ಲಾಕ್ ಯಾವ ವಸ್ತುವಿನದು ಎಂದು ಕಂಪೈಲ್ ವೇಳೆಗೆ ಗೊತ್ತಾಗುವುದಿಲ್ಲ. ಒಂದೇ ಸ್ಟ್ರಕ್ಟ್‌ನ ಎಲ್ಲ ಲಾಕ್‌ಗಳನ್ನು ಒಂದೇ ಎಂದು ಭಾವಿಸಿದರೆ ಸುರಕ್ಷಿತ, ಆದರೆ ಸಾವಿರ ಬೇರೆ ಬೇರೆ ವಸ್ತುಗಳ ಮೇಲೆ ಸ್ವತಂತ್ರವಾಗಿ ನಡೆಯುವ ಕೆಲಸವೂ ಸಾಲಿನಲ್ಲಿ ನಿಲ್ಲುತ್ತದೆ. ಪ್ರೋಗ್ರಾಮರ್ ಕೆಲವು ಕಡೆ ಟಿಪ್ಪಣಿ ಹಾಕಿ ಇವು ಬೇರೆ ಎಂದು ಹೇಳುವುದೊಂದೇ ಒಳ್ಳೆಯ ದಾರಿ. ಆ ಟಿಪ್ಪಣಿ ತಪ್ಪಾದರೆ ಖಾತರಿಯೂ ಹೋಗುತ್ತದೆ, ಅದಕ್ಕೆ ಕೋಡ್ ರಿವ್ಯೂನಲ್ಲಿ ಅದನ್ನು ಕೋಡಿನಷ್ಟೇ ಗಂಭೀರವಾಗಿ ನೋಡಬೇಕು.

ಈ ವಿಧಾನ ಏನು ಕೊಡುವುದಿಲ್ಲ

ಸೂಪರ್‌ವೈಸರ್ ತಡೆಯುತ್ತದೆ, ದೂಡುವುದಿಲ್ಲ. ಅನುಮತಿಸಿದ ಹೆಜ್ಜೆಗಳಲ್ಲಿ ಯಾವುದನ್ನು ಇಡಬೇಕು ಎಂದು ಆರಿಸುವುದು ನಿಮ್ಮ ಪ್ರೋಗ್ರಾಮ್. ಸಿಂಥೆಸಿಸ್ ಕೊಡುವ ನಾನ್‌ಬ್ಲಾಕಿಂಗ್ ಖಾತರಿಯ ಅರ್ಥ, ಎಲ್ಲಿಂದಲಾದರೂ ಕೆಲಸ ಮುಗಿಸುವ ಹಾದಿಯೊಂದು ಇದ್ದೇ ಇದೆ ಎಂದಷ್ಟೇ. ಆ ಹಾದಿಯಲ್ಲಿ ಪ್ರೋಗ್ರಾಮ್ ಹೋಗುತ್ತದೆ ಎಂದಲ್ಲ. ಇಬ್ಬರು ಸದಾ ಒಬ್ಬರ ನಂತರ ಒಬ್ಬರು ಟೋಕನ್ ಹಿಡಿಯುತ್ತ ಮೂರನೆಯವನಿಗೆ ಸಿಗದೇ ಹೋಗುವುದು ಈ ಖಾತರಿಯೊಳಗೂ ಸಾಧ್ಯ. ಸರದಿ ನ್ಯಾಯ ಬೇಕಿದ್ದರೆ ಕಾಯುವವರನ್ನು ಬಂದ ಕ್ರಮದಲ್ಲಿ ಸೇವಿಸುವ ನೀತಿಯನ್ನು ನೀವೇ ಸೇರಿಸಬೇಕು.

ಲೆಕ್ಕದ ಗಾತ್ರವೂ ಬೇಗ ಬೆಳೆಯುತ್ತದೆ. ತಲಾ 10 ಸ್ಥಿತಿಯ 10 ಭಾಗಗಳನ್ನು ಸೇರಿಸಿದರೆ ಸಂಯುಕ್ತ ಸ್ಥಿತಿಗಳು 1,000 ಕೋಟಿವರೆಗೆ ಹೋಗಬಹುದು. ಅಳಿಸುವ ಅಲ್ಗಾರಿದಮ್ ಸಂಯುಕ್ತ ಸ್ಥಿತಿಗಳ ಲೆಕ್ಕದಲ್ಲಿ ಪಾಲಿನಾಮಿಯಲ್ ವೇಗದ್ದೇ, ಆದರೆ ಆ ಸಂಖ್ಯೆಯೇ ಭಾಗಗಳ ಸಂಖ್ಯೆಗೆ ಘಾತೀಯವಾಗಿ ಏರುತ್ತದೆ. ಬೈನರಿ ಡಿಸಿಷನ್ ಡಯಾಗ್ರಾಮ್ (ಸ್ಥಿತಿಗಳ ದೊಡ್ಡ ಗುಂಪನ್ನು ಅಡಕವಾಗಿ ಬರೆಯುವ ರಚನೆ), ಭಾಗ ಭಾಗವಾಗಿ ಸಿಂಥೆಸಿಸ್ ಮಾಡುವ ವಿಧಾನಗಳು ನೆರವಾಗುತ್ತವೆ; ಎಲ್ಲ ಸಲವೂ ಅಲ್ಲ.

ಹಲವು ಯಂತ್ರಗಳಲ್ಲಿ ಹರಡಿದ ವ್ಯವಸ್ಥೆಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿ. ಘಟನೆ ನಡೆದ ಕೂಡಲೇ ಸೂಪರ್‌ವೈಸರ್‌ಗೆ ಗೊತ್ತಾಗುತ್ತದೆ ಎಂಬುದು ಮೂಲ ಸಿದ್ಧಾಂತದ ನಂಬಿಕೆ. ಒಂದೇ ಪ್ರೊಸೆಸ್‌ನೊಳಗೆ ಮ್ಯೂಟೆಕ್ಸ್ ಹಾಕಿ ಅದನ್ನು ನಿಜ ಮಾಡಬಹುದು. ನೆಟ್‌ವರ್ಕ್ ಮೇಲೆ ಸುದ್ದಿ ತಡವಾಗುತ್ತದೆ, ಕೆಲವು ಘಟನೆ ಕಾಣುವುದೇ ಇಲ್ಲ. ಕಾಣದ ಘಟನೆಗಳಿದ್ದರೆ, ಹೊರಗಿನಿಂದ ಒಂದೇ ಥರ ಕಾಣುವ ಎಲ್ಲ ಸ್ಥಿತಿಗಳಲ್ಲೂ ಸೂಪರ್‌ವೈಸರ್ ಒಂದೇ ನಿರ್ಧಾರ ಮಾಡಬೇಕಾಗುತ್ತದೆ, ಆಗ ಅತಿ ಸಡಿಲವಾದ ಒಂದೇ ಉತ್ತರ ಎಂಬ ಖಾತರಿಯೂ ಉಳಿಯುವುದಿಲ್ಲ. ಅನೇಕ ಸೂಪರ್‌ವೈಸರ್‌ಗಳು ತಂತಮ್ಮ ನೋಟದಿಂದಲೇ ಕೂಡಿ ನಿಯಂತ್ರಿಸುವ ಸಮಸ್ಯೆಯಂತೂ ಸಾಮಾನ್ಯ ರೂಪದಲ್ಲಿ ಯಾವ ಅಲ್ಗಾರಿದಮ್‌ಗೂ ನಿಲುಕದ್ದು ಎಂದು ಸಾಬೀತಾಗಿದೆ.

ನಿಮ್ಮ ಸರ್ವರ್‌ನಲ್ಲಿ ಮೊದಲ ಹೆಜ್ಜೆ

ಲಾಕ್‌ಗಳಿಗೆಲ್ಲ ಒಂದು ಕ್ರಮ ನಿಗದಿಮಾಡಿ ಎಲ್ಲರೂ ಅದೇ ಕ್ರಮದಲ್ಲಿ ಹಿಡಿಯುವಂತೆ ಮಾಡಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ. ಕೋಡ್ ಚಿಕ್ಕದು, ಲಾಕ್‌ಗಳ ಹೆಸರು ಮೊದಲೇ ಗೊತ್ತು ಎಂದಾದರೆ ಅದಕ್ಕಿಂತ ಸರಳ ಮದ್ದಿಲ್ಲ. ಕ್ರಮ ಪಾಲಿಸಲಾಗದ ಕಡೆ, ಅಂದರೆ ಲೈಬ್ರರಿಯ ಕಾಲ್‌ಬ್ಯಾಕ್‌ಗಳು ನಿಮ್ಮ ಲಾಕ್ ಹಿಡಿದಿರುವಾಗ ಬರುವ ಕಡೆ, ಹಳೆಯ ಕೋಡಿನ ರಚನೆ ಬದಲಿಸಲಾಗದ ಕಡೆ, ಕಂಟ್ರೋಲ್ ಪ್ಲೇಸ್ ತನ್ನ ಬೆಲೆ ತೋರಿಸುತ್ತದೆ.

ಡೆಡ್‌ಲಾಕ್ ಆದಾಗ ತೆಗೆದ ಥ್ರೆಡ್ ಡಂಪ್‌ಗಳಿದ್ದರೆ (ಪ್ರತಿ ಥ್ರೆಡ್ ಎಲ್ಲಿ ನಿಂತಿತ್ತು ಎಂಬ ದಾಖಲೆ) ಅವುಗಳಿಂದ ಆರಂಭಿಸಿ. ಸುತ್ತಿನಲ್ಲಿ ಸಿಕ್ಕಿರುವ ಲಾಕ್‌ಗಳು ಯಾವುವು ಎಂದು ಬರೆದುಕೊಂಡು, ಅವನ್ನು ಹಿಡಿಯುವ ಫಂಕ್ಷನ್‌ಗಳನ್ನು ಮಾತ್ರ ಮಾಡೆಲ್ ಮಾಡಿ. ಮೂರು ನಾಲ್ಕು ಲಾಕ್, ಐದಾರು ಫಂಕ್ಷನ್‌ಗಿಂತ ಹೆಚ್ಚು ಬೇಡ. ಘಟನೆಗಳ ಪಟ್ಟಿ ಮಾಡಿ ಪ್ರತಿಯೊಂದರ ಪಕ್ಕ ತಡೆಯಬಹುದೇ, ಕಾಣುತ್ತದೆಯೇ ಎಂಬ ಎರಡು ಕಾಲಂ ತುಂಬಿ. ಆ ಕೋಡ್ ಬರೆದವರೊಂದಿಗೆ ಕುಳಿತು ತುಂಬಿದರೆ ಉತ್ತಮ, ಏಕೆಂದರೆ ಎಷ್ಟೋ ತೊಂದರೆಗಳು ಈ ಪಟ್ಟಿಯ ಹಂತದಲ್ಲೇ ಹೊರಬೀಳುತ್ತವೆ.

ಉಪಕರಣಗಳಲ್ಲಿ ಚಾಮರ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸುಪ್ರೆಮಿಕಾ ಚಿತ್ರ ಬಿಡಿಸಿ ಕಲಿಯಲು ಅನುಕೂಲ. ಐಂಡ್‌ಹೋವನ್‌ನಲ್ಲಿ ಬೆಳೆದ ಸಿಐಎಫ್ ಈಗ ಎಕ್ಲಿಪ್ಸ್‌ನ ಎಸ್ಕೆಟ್ ಯೋಜನೆಯ ಭಾಗ, ಮುಕ್ತವಾಗಿ ಸಿಗುತ್ತದೆ. ಅದರಲ್ಲಿ ಪಠ್ಯವಾಗಿಯೇ ಮಾಡೆಲ್ ಬರೆಯಬಹುದಾದ್ದರಿಂದ ವರ್ಷನ್ ಕಂಟ್ರೋಲ್‌ಗೆ ಒಗ್ಗುತ್ತದೆ, ಸೂಪರ್‌ವೈಸರ್‌ನಿಂದ ಕೋಡ್ ಹುಟ್ಟಿಸುವ ಸೌಲಭ್ಯವೂ ಇದೆ. ಸಾಫ್ಟ್‌ವೇರ್ ತಂಡಕ್ಕೆ ನಾನು ಇದನ್ನೇ ಹೇಳುತ್ತೇನೆ. ಮೊದಲಿಗೆ ಮೇಲಿನ 9 ಸ್ಥಿತಿಯ ಕ್ಯೂ ಬರೆದು, ಉಪಕರಣ ಅದೇ 6 ಸ್ಥಿತಿ ಕೊಡುತ್ತದೆಯೇ ನೋಡಿ. ಆಮೇಲೆ ನಿಮ್ಮ ಲಾಕ್‌ಗಳು.

ಸಿಕ್ಕ ನಿಯಮವನ್ನು ರ‍್ಯಾಪರ್‌ಗೆ ಹಾಕುವ ಮೊದಲು ಕೆಲವು ದಿನ ಬರೀ ಲಾಗ್ ಮಾಡುವಂತೆ ಓಡಿಸಿ: ಈ ಕ್ಷಣದಲ್ಲಿ ಸೂಪರ್‌ವೈಸರ್ ತಡೆಯುತ್ತಿತ್ತು ಎಂದು ಬರೆಯಲಿ, ತಡೆಯದಿರಲಿ. ಜೊತೆಗೆ, ಮಾಡೆಲ್ ಪ್ರಕಾರ ಈ ಸ್ಥಿತಿಯಲ್ಲಿ ಸಾಧ್ಯವೇ ಇಲ್ಲದ ಘಟನೆ ನಡೆದರೆ ಅದನ್ನೂ ಬರೆಯಲಿ. ತಡೆ ಇಲ್ಲದ ಕಾರಣ ಪ್ರೋಗ್ರಾಮ್ ಅಳಿಸಿದ ಸ್ಥಿತಿಗಳಿಗೂ ಹೋಗುತ್ತದೆ, ಆದ್ದರಿಂದ ಈ ಹೋಲಿಕೆಯನ್ನು ಪೂರ್ತಿ ಪ್ಲಾಂಟ್ ಜೊತೆ ಮಾಡಿ, ಸೂಪರ್‌ವೈಸರ್ ಉಳಿಸಿದ ಸ್ಥಿತಿಗಳ ಜೊತೆಯಲ್ಲ. ಎರಡನೆಯ ಬಗೆಯ ಸಾಲು ಒಂದೇ ಒಂದು ಕಂಡರೂ ಮಾಡೆಲ್‌ನಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ಅದನ್ನು ಹುಡುಕಿ ಸೇರಿಸಿ, ಸಿಂಥೆಸಿಸ್ ಮತ್ತೆ ಓಡಿಸಿದ ನಂತರವೇ ತಡೆಯನ್ನು ಚಾಲೂ ಮಾಡಿ.